ಕೌಟುಂಬಿಕ ದೌರ್ಜನ್ಯ ಮತ್ತು ಕೆಲಸದ ಸ್ಥಳ

ಕೌಟುಂಬಿಕ ದೌರ್ಜನ್ಯ ಮತ್ತು ಕೆಲಸದ ಸ್ಥಳ ಎಂಬ ವಿಷಯವು, ಮನೆಯೊಳಗೆ ನಡೆಯುವ ಹಿಂಸೆಯು ನೌಕರರ ದುಡಿಮೆ, ಸುರಕ್ಷತೆ ಮತ್ತು ವೇತನದ ಮೇಲೆ ಬೀರುವ ಪರಿಣಾಮಗಳನ್ನೂ, ಆ ಪರಿಣಾಮಗಳನ್ನು ತಗ್ಗಿಸಲು ಉದ್ಯೋಗದಾತರು ಕೈಗೊಳ್ಳಬಹುದಾದ ಕ್ರಮಗಳನ್ನೂ ಒಳಗೊಂಡಿದೆ. ಮನೆಯಲ್ಲಿ ನಡೆಯುವ ದೌರ್ಜನ್ಯವು ಸಂಸಾರದ ಖಾಸಗಿ ಸಂಗತಿ, ಅದರಲ್ಲಿ ಸಂಬಳ ಕೊಡುವವರಿಗೆ ಪಾತ್ರವಿಲ್ಲ ಎಂಬ ಭಾವನೆ ಬಹುಕಾಲದಿಂದ ಬಂದಿದೆ. ಭಾರತದ ಕಾನೂನು ಹಾಗೆ ಹೇಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯು ಕೆಲಸದ ಸ್ಥಳವನ್ನೂ, ಉದ್ಯೋಗದಾತರನ್ನೂ ಹೆಸರಿಸಿಯೇ ಹಲವು ಉಪಬಂಧಗಳನ್ನು ಮಾಡಿದೆ. ಆದರೆ ದೌರ್ಜನ್ಯಕ್ಕೊಳಗಾದ ನೌಕರರಿಗೆ ರಜೆ ನೀಡಬೇಕು, ಅವರನ್ನು ಕೆಲಸದಿಂದ ತೆಗೆಯಬಾರದು ಎಂಬ ಪ್ರತ್ಯೇಕ ಕಾನೂನು ದೇಶದಲ್ಲಿ ಇಲ್ಲ. ಈ ಕೊರತೆಯನ್ನು ಆಯಾ ಸಂಸ್ಥೆಗಳ ನೀತಿಯೇ ತುಂಬಬೇಕಾಗಿದೆ. ಈ ಲೇಖನವು ಕರ್ನಾಟಕವನ್ನು, ಅದರಲ್ಲೂ ಹಾಸನ ಜಿಲ್ಲೆಯ ದುಡಿಮೆಯ ಕ್ಷೇತ್ರಗಳನ್ನು ಮುಖ್ಯವಾಗಿ ಗಮನದಲ್ಲಿ ಇರಿಸಿಕೊಂಡಿದೆ.

ಅರ್ಥ ಮತ್ತು ವ್ಯಾಪ್ತಿ

2005ರ ಕಾಯ್ದೆಯ 3ನೆಯ ಕಲಮು ಕೌಟುಂಬಿಕ ದೌರ್ಜನ್ಯವನ್ನು ದೈಹಿಕ, ಲೈಂಗಿಕ, ಮೌಖಿಕ ಮತ್ತು ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಆರ್ಥಿಕ ದೌರ್ಜನ್ಯವು ಕೆಲಸದ ಸ್ಥಳಕ್ಕೆ ನೇರವಾಗಿ ಸಂಬಂಧಿಸಿದೆ. ಕಾಯ್ದೆಯ ಅನ್ವಯ 2006ರಲ್ಲಿ ರಚಿಸಲಾದ ನಿಯಮಗಳಿಗೆ ಜೋಡಿಸಿರುವ 1ನೆಯ ನಮೂನೆಯಲ್ಲಿ (ಕೌಟುಂಬಿಕ ಘಟನಾ ವರದಿ) ಉದ್ಯೋಗಕ್ಕೆ ಸೇರಲು ಬಿಡದಿರುವುದು, ಇರುವ ಉದ್ಯೋಗವನ್ನು ಮುಂದುವರಿಸಲು ಬಿಡದಿರುವುದು, ಉದ್ಯೋಗಕ್ಕೆ ಅಡಚಣೆ ಉಂಟುಮಾಡುವುದು, ಸಂಬಳ ಅಥವಾ ಕೂಲಿಯ ಹಣವನ್ನು ಕಸಿದುಕೊಳ್ಳುವುದು ಇವೆಲ್ಲವೂ ದೌರ್ಜನ್ಯದ ರೂಪಗಳೆಂದು ಪಟ್ಟಿಯಾಗಿವೆ. ಹೊಡೆತದ ಗುರುತು ಕಾಣದಿದ್ದರೂ, ತಿಂಗಳ ಸಂಬಳ ಕೈಗೆ ಬಂದ ದಿನವೇ ಅದನ್ನು ಕಿತ್ತುಕೊಳ್ಳುವುದು ಕಾನೂನಿನ ದೃಷ್ಟಿಯಲ್ಲಿ ದೌರ್ಜನ್ಯವೇ ಆಗಿದೆ.

ದೌರ್ಜನ್ಯ ಎಸಗುವವರು ಪತಿ ಮಾತ್ರವೇ ಆಗಿರಬೇಕೆಂದಿಲ್ಲ. ರಕ್ತಸಂಬಂಧ, ವಿವಾಹ, ವಿವಾಹಸದೃಶ ಸಂಬಂಧ, ದತ್ತು ಇವುಗಳ ಮೂಲಕ ಒಂದೇ ಮನೆಯಲ್ಲಿ ಬಾಳುವ ಅಥವಾ ಹಿಂದೆ ಬಾಳಿದ ವ್ಯಕ್ತಿಗಳೂ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿರಲ್ ಹರಸೋರಾ ಪ್ರಕರಣದಲ್ಲಿ ಪ್ರತಿವಾದಿಯ ವ್ಯಾಖ್ಯೆಯಲ್ಲಿದ್ದ 'ವಯಸ್ಕ ಪುರುಷ' ಎಂಬ ನಿರ್ಬಂಧವನ್ನು ತೆಗೆದುಹಾಕಿದ ಮೇಲೆ ಮಹಿಳೆಯರ ವಿರುದ್ಧವೂ ಅರ್ಜಿ ಸಲ್ಲಿಸಬಹುದಾಗಿದೆ. ಪರಿಹಾರ ಕೋರುವ ಹಕ್ಕು ಮಾತ್ರ ಮಹಿಳೆಯರಿಗೆ ಮೀಸಲಾಗಿದೆ. ಸಂಸ್ಥೆಯೊಂದು ತನ್ನ ಒಳನೀತಿಯನ್ನು ರೂಪಿಸುವಾಗ ಎಲ್ಲ ನೌಕರರನ್ನೂ ಅದರ ವ್ಯಾಪ್ತಿಗೆ ತರಲು ಅಡ್ಡಿಯಿಲ್ಲ.

ಕರ್ನಾಟಕದಲ್ಲಿ ಸ್ಥಿತಿಗತಿ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ಶೇ. 44.4ರಷ್ಟು ಮಂದಿ ತಮ್ಮ ದಾಂಪತ್ಯದಲ್ಲಿ ಎಂದಾದರೊಮ್ಮೆ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದರು. ನಾಲ್ಕನೆಯ ಸಮೀಕ್ಷೆಯಲ್ಲಿ (2015-16) ಈ ಪ್ರಮಾಣ ಶೇ. 20.6ರಷ್ಟಿತ್ತು. ಐದನೆಯ ಸಮೀಕ್ಷೆಯಲ್ಲಿ ಇಡೀ ದೇಶದ ಸರಾಸರಿ ಶೇ. 29.3. ರಾಜ್ಯಗಳ ನಡುವೆ ಕರ್ನಾಟಕದ ಪ್ರಮಾಣವೇ ಅತಿ ಹೆಚ್ಚಿನದಾಗಿತ್ತು. ಈ ಏರಿಕೆಯಲ್ಲಿ ಹಿಂಸೆಯ ಹೆಚ್ಚಳದ ಪಾಲೆಷ್ಟು, ಬಾಯಿಬಿಟ್ಟು ಹೇಳುವವರ ಹೆಚ್ಚಳದ ಪಾಲೆಷ್ಟು ಎಂಬುದನ್ನು ಅಂಕಿಗಳಿಂದಷ್ಟೇ ಬೇರ್ಪಡಿಸಲಾಗದು. ಇದೇ ಸಮೀಕ್ಷೆಯ ರಾಷ್ಟ್ರಮಟ್ಟದ ವರದಿಯಂತೆ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಶೇ. 14ರಷ್ಟು ಮಂದಿ ಮಾತ್ರ ನೆರವು ಕೋರಿದ್ದರು. ಶೇ. 77ರಷ್ಟು ಮಂದಿ ನೆರವನ್ನೂ ಕೋರಿರಲಿಲ್ಲ, ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಉದ್ಯೋಗ ಮತ್ತು ಹಿಂಸೆಯ ನಡುವಣ ಸಂಬಂಧವನ್ನು ಕುರಿತು ಬೆಂಗಳೂರಿನಲ್ಲಿಯೇ ನಡೆದ ಒಂದು ಅಧ್ಯಯನ ಗಮನಾರ್ಹವಾಗಿದೆ. ಸುನೀತಾ ಕೃಷ್ಣನ್ ಮತ್ತು ಸಂಗಡಿಗರು ನಗರದ ಕೊಳೆಗೇರಿಗಳಲ್ಲಿ ವಾಸಿಸುತ್ತಿದ್ದ 16ರಿಂದ 25 ವರ್ಷದೊಳಗಿನ 744 ವಿವಾಹಿತ ಮಹಿಳೆಯರನ್ನು ಕಾಲಾಂತರದಲ್ಲಿ ಮತ್ತೆ ಮತ್ತೆ ಸಂದರ್ಶಿಸಿ, 2010ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದು ಭೇಟಿಯಲ್ಲಿ ನಿರುದ್ಯೋಗಿಗಳಾಗಿದ್ದು ಮುಂದಿನ ಭೇಟಿಯ ವೇಳೆಗೆ ಕೆಲಸಕ್ಕೆ ಸೇರಿದ್ದ ಮಹಿಳೆಯರು ಹಿಂಸೆಗೆ ಒಳಗಾಗುವ ಸಂಭಾವ್ಯತೆಯು, ನಿರುದ್ಯೋಗಿಗಳಾಗಿಯೇ ಉಳಿದವರಿಗಿಂತ ಶೇ. 80ರಷ್ಟು ಹೆಚ್ಚಾಗಿತ್ತು. ಪತಿಯ ಉದ್ಯೋಗಕ್ಕೆ ಹೊಸದಾಗಿ ತೊಂದರೆ ಒದಗಿದ ಮನೆಗಳಲ್ಲಿಯೂ ಹಿಂಸೆಯ ಸಂಭಾವ್ಯತೆ ಏರಿತ್ತು.

ಈ ಫಲಿತಾಂಶದಿಂದ ಮಹಿಳೆಯರು ದುಡಿಯಬಾರದೆಂಬ ನಿರ್ಣಯಕ್ಕೆ ಬರಲಾಗದು. ಸ್ವಂತ ಗಳಿಕೆಯು ದೀರ್ಘಕಾಲದಲ್ಲಿ ಮಹಿಳೆಯ ಬಲವಾದರೂ, ಕೆಲಸಕ್ಕೆ ಸೇರಿದ ಮೊದಲ ದಿನಗಳು ಮನೆಯಲ್ಲಿನ ಅಧಿಕಾರದ ಸಮತೋಲವನ್ನು ಕದಡುವ ದಿನಗಳೂ ಆಗಿರಬಹುದು. ಹೊಸದಾಗಿ ಕೆಲಸಕ್ಕೆ ಬಂದ ಮಹಿಳೆಯ ಬಗ್ಗೆ ಸಂಸ್ಥೆಯು ಹೆಚ್ಚಿನ ಎಚ್ಚರ ವಹಿಸಬೇಕೆಂಬುದನ್ನು ಈ ಅಧ್ಯಯನ ಸೂಚಿಸುತ್ತದೆ.

ಕೆಲಸದ ಮೇಲೆ ಆಗುವ ಪರಿಣಾಮಗಳು

ಮನೆಯ ಹಿಂಸೆಯು ಕೆಲಸದ ಸ್ಥಳದಲ್ಲಿ ಸಾಮಾನ್ಯವಾಗಿ ಈ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

• ಮುನ್ಸೂಚನೆಯಿಲ್ಲದ ಗೈರುಹಾಜರಿ, ತಡವಾಗಿ ಬರುವುದು, ಕೆಲಸದ ನಡುವೆಯೇ ಮನೆಗೆ ಹೊರಡಬೇಕಾದ ಒತ್ತಡ.
• ಗಾಯ, ನಿದ್ರಾಹೀನತೆ ಮತ್ತು ಭಯದಿಂದ ಗಮನ ಚದುರುವುದು. ಯಂತ್ರಗಳ ನಡುವೆ ದುಡಿಯುವವರಲ್ಲಿ ಇದು ಅಪಘಾತಕ್ಕೂ ದಾರಿಯಾಗಬಹುದು.
• ಮೇಲಿಂದ ಮೇಲೆ ಬರುವ ದೂರವಾಣಿ ಕರೆಗಳು. ಹಾಜರಾತಿಯನ್ನು ವಿಚಾರಿಸಲು ಮನೆಯವರು ಗೇಟಿನ ಬಳಿಗೆ ಬರುವುದು.
• ಗುರುತಿನ ಚೀಟಿ, ಸಮವಸ್ತ್ರ, ಬಸ್ಸಿನ ಹಣ ಅಥವಾ ದ್ವಿಚಕ್ರ ವಾಹನದ ಬೀಗದ ಕೈಯನ್ನು ಬಚ್ಚಿಟ್ಟು ಕೆಲಸಕ್ಕೆ ಹೋಗದಂತೆ ತಡೆಯುವುದು.
• ಸಹೋದ್ಯೋಗಿಗಳ ಮೇಲೆ ಅನುಮಾನ, ಅವರಿಗೂ ಬೆದರಿಕೆ.
• ಕೊನೆಗೆ, ಕೆಲಸವನ್ನೇ ಬಿಡುವುದು ಅಥವಾ ಶಿಸ್ತುಕ್ರಮಕ್ಕೆ ಗುರಿಯಾಗಿ ಕೆಲಸ ಕಳೆದುಕೊಳ್ಳುವುದು.

ಕೊನೆಯ ಪರಿಣಾಮವೇ ಅತ್ಯಂತ ಗಂಭೀರವಾದುದು. ಹಿಂಸೆಯ ಮನೆಯಿಂದ ಹೊರಬರಲು ಬಾಡಿಗೆಗೆ ಹಣ ಬೇಕು, ಮಕ್ಕಳ ಶಾಲೆಯ ಶುಲ್ಕಕ್ಕೆ ಹಣ ಬೇಕು, ನ್ಯಾಯಾಲಯಕ್ಕೆ ಓಡಾಡಲು ಬಿಡುವು ಬೇಕು. ಸಂಬಳ ನಿಂತೊಡನೆ ಈ ದಾರಿಗಳೆಲ್ಲ ಒಮ್ಮೆಲೇ ಮುಚ್ಚಿಹೋಗುತ್ತವೆ. ಗೈರುಹಾಜರಿಯ ಕಾರಣವನ್ನು ವಿಚಾರಿಸದೆ ಹಾಜರಾತಿ ಪುಸ್ತಕದಿಂದ ಹೆಸರನ್ನು ಹೊಡೆದುಹಾಕುವ ಉದ್ಯೋಗದಾತರು, ತಮಗೆ ಅರಿವಿಲ್ಲದೆಯೇ ದೌರ್ಜನ್ಯ ಎಸಗುವವನ ಉದ್ದೇಶವನ್ನು ನೆರವೇರಿಸಿದಂತಾಗುತ್ತದೆ.

ಕಾನೂನಿನ ಚೌಕಟ್ಟು

2005ರ ಕಾಯ್ದೆ

ಈ ಕಾಯ್ದೆಯು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಉದ್ಯೋಗದಾತರು ಮತ್ತು ನೌಕರರು ತಿಳಿದಿರಬೇಕಾದ ಕಲಮುಗಳು ಹೀಗಿವೆ.

4ನೆಯ ಕಲಮು: ಕೌಟುಂಬಿಕ ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವುಳ್ಳ ಯಾವುದೇ ವ್ಯಕ್ತಿ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬೀಳುವುದಿಲ್ಲ. ಸಹೋದ್ಯೋಗಿ, ಮೇಲ್ವಿಚಾರಕ, ಮಾಲೀಕ ಎಲ್ಲರಿಗೂ ಇದು ಅನ್ವಯಿಸುತ್ತದೆ.

18ನೆಯ ಕಲಮು: ದಂಡಾಧಿಕಾರಿಗಳು ನೀಡುವ ರಕ್ಷಣಾ ಆದೇಶದಲ್ಲಿ, ನೊಂದ ಮಹಿಳೆಯು ಕೆಲಸ ಮಾಡುವ ಸ್ಥಳವನ್ನು ಪ್ರವೇಶಿಸದಂತೆ ಪ್ರತಿವಾದಿಯನ್ನು ನಿರ್ಬಂಧಿಸಬಹುದು. ದೂರವಾಣಿ ಹಾಗೂ ಇತರ ಮಾಧ್ಯಮಗಳ ಮೂಲಕ ಸಂಪರ್ಕಿಸುವುದನ್ನೂ, ಆಕೆಗೆ ನೆರವಾದವರ ಮೇಲೆ ಹಿಂಸೆ ಎಸಗುವುದನ್ನೂ ನಿಷೇಧಿಸಬಹುದು.

20ನೆಯ ಕಲಮು: ಗಳಿಕೆಯ ನಷ್ಟಕ್ಕೆ ಮತ್ತು ವೈದ್ಯಕೀಯ ವೆಚ್ಚಕ್ಕೆ ಹಣಕಾಸು ಪರಿಹಾರ ಕೋರಬಹುದು. ಪ್ರತಿವಾದಿಯು ಆದೇಶದಂತೆ ಹಣ ಕೊಡಲು ತಪ್ಪಿದರೆ, ಅವನ ಉದ್ಯೋಗದಾತರು ಅವನ ಸಂಬಳದ ಒಂದು ಭಾಗವನ್ನು ನೇರವಾಗಿ ಮಹಿಳೆಗೆ ಪಾವತಿಸುವಂತೆ ಅಥವಾ ನ್ಯಾಯಾಲಯದಲ್ಲಿ ಠೇವಣಿ ಇಡುವಂತೆ ದಂಡಾಧಿಕಾರಿಗಳು ನಿರ್ದೇಶಿಸಬಹುದು.

27ನೆಯ ಕಲಮು: ಮಹಿಳೆಯು ವಾಸಿಸುವ ಸ್ಥಳದಲ್ಲಿ ಮಾತ್ರವಲ್ಲದೆ, ಆಕೆ ಉದ್ಯೋಗದಲ್ಲಿರುವ ಸ್ಥಳದ ನ್ಯಾಯಾಲಯದಲ್ಲಿಯೂ ಅರ್ಜಿ ಸಲ್ಲಿಸಬಹುದು. ಉದಾಹರಣೆಗೆ, ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿ ವಾಸಿಸುತ್ತ ಹಾಸನ ನಗರದಲ್ಲಿ ದುಡಿಯುವ ಮಹಿಳೆಗೆ ಎರಡೂ ಕಡೆಯ ನ್ಯಾಯಾಲಯಗಳು ಲಭ್ಯ. ಊರಿನವರ ಕಣ್ಣಿಗೆ ಬೀಳದೆ ಅರ್ಜಿ ಸಲ್ಲಿಸಲು ಇದು ನೆರವಾಗಬಲ್ಲದು.

31ನೆಯ ಕಲಮು: ರಕ್ಷಣಾ ಆದೇಶದ ಉಲ್ಲಂಘನೆಗೆ ಒಂದು ವರ್ಷದವರೆಗಿನ ಕಾರಾಗೃಹವಾಸ ಅಥವಾ 20,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವಾಗಿದೆ.

ಅರ್ಜಿಯ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ಗೊತ್ತುಪಡಿಸಬೇಕು, ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು ಎಂದು 12ನೆಯ ಕಲಮು ಹೇಳುತ್ತದೆ. ತುರ್ತು ಸಂದರ್ಭದಲ್ಲಿ 23ನೆಯ ಕಲಮಿನಡಿ ಮಧ್ಯಂತರ ಆದೇಶವನ್ನೂ, ಪ್ರತಿವಾದಿಯ ಗೈರಿನಲ್ಲಿ ಏಕಪಕ್ಷೀಯ ಆದೇಶವನ್ನೂ ಪಡೆಯಬಹುದು.

2013ರ ಕಾಯ್ದೆ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಕಾಯ್ದೆಯು ಮನೆಯೊಳಗಿನ ಹಿಂಸೆಗೆ ಅನ್ವಯಿಸುವುದಿಲ್ಲ. ಆದರೂ ಅದರ 19ನೆಯ ಕಲಮು ಸುರಕ್ಷಿತ ಕೆಲಸದ ವಾತಾವರಣವನ್ನು ಒದಗಿಸುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸಿ, ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಇತರ ವ್ಯಕ್ತಿಗಳಿಂದ ಸುರಕ್ಷತೆಯೂ ಅದರಲ್ಲಿ ಸೇರಿದೆ ಎನ್ನುತ್ತದೆ. ಉದ್ಯೋಗದಾತರು ಒದಗಿಸುವ ವಾಹನವೂ ಕೆಲಸದ ಸ್ಥಳದ ವ್ಯಾಖ್ಯೆಗೆ ಒಳಪಡುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಗೋಪ್ಯವಾಗಿ ದೂರು ಕೇಳಲು ಅಭ್ಯಾಸವಾಗಿರುವ ಈ ಸಮಿತಿಯ ಸದಸ್ಯರನ್ನೇ ಕೌಟುಂಬಿಕ ದೌರ್ಜನ್ಯದ ವಿಷಯದಲ್ಲಿಯೂ ಮೊದಲ ಸಂಪರ್ಕ ವ್ಯಕ್ತಿಗಳನ್ನಾಗಿ ಸಂಸ್ಥೆ ಗುರುತಿಸಬಹುದು. ಆದರೆ ಮನೆಯ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿ ತೀರ್ಪು ಕೊಡುವ ಅಧಿಕಾರ ಸಮಿತಿಗೆ ಇಲ್ಲ.

ದಂಡಸಂಹಿತೆ

ಪತಿ ಅಥವಾ ಅವನ ಸಂಬಂಧಿಕರು ಎಸಗುವ ಕ್ರೌರ್ಯವನ್ನು 1983ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿಸಲಾದ 498-ಎ ಕಲಮು ಅಪರಾಧವೆಂದು ಸಾರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೆಯ ಕಲಮುಗಳು ಅದರ ಸ್ಥಾನದಲ್ಲಿವೆ. ಈ ಅಪರಾಧಕ್ಕೆ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು ದಂಡ ವಿಧಿಸಬಹುದು.

ಉದ್ಯೋಗದಾತರು ಕೈಗೊಳ್ಳಬಹುದಾದ ಕ್ರಮಗಳು

ಲಿಖಿತ ನೀತಿ

ಮೊದಲ ಹೆಜ್ಜೆಯೆಂದರೆ ಒಂದೆರಡು ಪುಟಗಳ ಲಿಖಿತ ನೀತಿ. ಕೌಟುಂಬಿಕ ದೌರ್ಜನ್ಯದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಗೋಪ್ಯತೆ ಕಾಪಾಡಲಾಗುವುದು, ಇಂಥ ರಜೆ ಸಿಗುವುದು, ಇಂಥವರೊಡನೆ ಮಾತನಾಡಬಹುದು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಸ್ಪಷ್ಟವಾಗಿರಬೇಕು. ನೀತಿಯು ಕನ್ನಡದಲ್ಲಿಯೂ, ನೌಕರರು ಆಡುವ ಇತರ ಭಾಷೆಗಳಲ್ಲಿಯೂ ಇದ್ದು, ಓದು ಬಾರದವರಿಗೆ ಓದಿ ಹೇಳಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ಮಹಿಳೆಯರ ಶೌಚಾಲಯದ ಒಳಬಾಗಿಲಿನ ಮೇಲೆ ಅಂಟಿಸುವುದು ಸೂಕ್ತ. ಸೂಚನಾ ಫಲಕದ ಮುಂದೆ ನಿಂತು ಅದನ್ನು ಬರೆದುಕೊಳ್ಳಲು ಅಂಜುವವರು ಅಲ್ಲಿ ನಿರ್ಭಯವಾಗಿ ಓದಬಲ್ಲರು.

ಮಾತನಾಡುವ ವಿಧಾನ

ಮೇಲ್ವಿಚಾರಕರಿಗೆ ತರಬೇತಿ ಅಗತ್ಯ. ಒಬ್ಬಳನ್ನೇ ಪ್ರತ್ಯೇಕವಾಗಿ ಕರೆದು, "ಇತ್ತೀಚೆಗೆ ನಿಮಗೆ ಕಷ್ಟವಾಗುತ್ತಿರುವಂತೆ ಕಾಣುತ್ತಿದೆ, ನಮ್ಮಿಂದ ಏನಾದರೂ ಆಗಬೇಕೆ?" ಎಂದು ಕೇಳುವುದು ಸಾಕು. "ಗಂಡ ಹೊಡೆದನೇ?" ಎಂದು ನೇರವಾಗಿ ಪ್ರಶ್ನಿಸುವುದು, "ಮಕ್ಕಳಿಗಾಗಿ ಹೊಂದಿಕೊಂಡು ಹೋಗು" ಎಂದು ಬುದ್ಧಿಹೇಳುವುದು, "ಇಂದೇ ಮನೆ ಬಿಡು" ಎಂದು ಒತ್ತಾಯಿಸುವುದು ಮೂರೂ ಸಲ್ಲದು. ಮನೆ ಬಿಡುವ ಸಮಯವೇ ಹಲವು ಬಾರಿ ಅತ್ಯಂತ ಅಪಾಯದ ಸಮಯವಾಗಿರುತ್ತದೆ. ಅದರ ನಿರ್ಧಾರವು ಆಕೆಯದೇ ಆಗಿರಬೇಕು. ಗಂಡನನ್ನು ಕಚೇರಿಗೆ ಕರೆಸಿ ರಾಜಿ ಪಂಚಾಯಿತಿ ನಡೆಸುವುದು ಸದುದ್ದೇಶದಿಂದ ಕೂಡಿದ್ದರೂ, ಅಂದಿನ ರಾತ್ರಿ ಆಕೆಯ ಮೇಲೆ ಹೆಚ್ಚಿನ ಹಿಂಸೆಗೆ ಕಾರಣವಾಗಬಹುದು.

ಸುರಕ್ಷತೆ

ನ್ಯಾಯಾಲಯದ ರಕ್ಷಣಾ ಆದೇಶವಿದ್ದರೆ, ಆಕೆಯ ಒಪ್ಪಿಗೆಯೊಡನೆ ಅದರ ಪ್ರತಿಯನ್ನು ಭದ್ರತಾ ಸಿಬ್ಬಂದಿಯ ಮುಖ್ಯಸ್ಥರಲ್ಲಿ ಇರಿಸಬೇಕು. ಪಾಳಿಯ ವೇಳೆಯನ್ನು ಅಥವಾ ಘಟಕವನ್ನು ಬದಲಿಸುವುದು, ಹೊರಗಿನವರು ಕೇಳಿದಾಗ ಆಕೆಯ ಪಾಳಿ, ಬಸ್ಸಿನ ಮಾರ್ಗ, ಹೊಸ ವಿಳಾಸವನ್ನು ತಿಳಿಸದಿರುವುದು, ಗೇಟಿನಿಂದ ಬಸ್ ನಿಲ್ದಾಣದವರೆಗೆ ಜೊತೆ ಕಳುಹಿಸುವುದು, ತುರ್ತು ಸಂಪರ್ಕದ ಹೆಸರನ್ನು ಆಕೆ ಹೇಳಿದಂತೆ ತಿದ್ದುವುದು ಇವು ಹೆಚ್ಚಿನ ವೆಚ್ಚವಿಲ್ಲದ ಕ್ರಮಗಳು. ಗೇಟಿನ ಬಳಿ ನಡೆದ ಗಲಾಟೆಗೆ ಆಕೆಯನ್ನೇ ಹೊಣೆಯಾಗಿಸಿ ಎಚ್ಚರಿಕೆ ಪತ್ರ ಕೊಡುವುದು ಅನ್ಯಾಯವಾಗುತ್ತದೆ.

ರಜೆ ಮತ್ತು ಬಿಡುವು

ಭಾರತದಲ್ಲಿ ಕೌಟುಂಬಿಕ ದೌರ್ಜನ್ಯದ ಕಾರಣಕ್ಕೆಂದೇ ಮೀಸಲಾದ ಶಾಸನಬದ್ಧ ರಜೆ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟವು ತಿಂಗಳಿಗೆ ಒಂದು ದಿನದ ಸಂಬಳಸಹಿತ ಋತುಚಕ್ರ ರಜೆಯ ನೀತಿಗೆ ಒಪ್ಪಿಗೆ ನೀಡಿತಾದರೂ ಅದು ಬೇರೆಯೇ ಉದ್ದೇಶದ್ದು. ಹೀಗಾಗಿ ಸಂಸ್ಥೆಯೇ ಕೆಲವು ದಿನಗಳ ವಿಶೇಷ ರಜೆಯನ್ನು ಗೊತ್ತುಪಡಿಸಬೇಕು. ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯ, ಮನೆ ಬದಲಾವಣೆ, ಮಕ್ಕಳ ಶಾಲೆ ಬದಲಾವಣೆ ಇವಕ್ಕೆ ಅರ್ಧ ದಿನದ ಬಿಡುವೂ ಉಪಯುಕ್ತ. ಇಎಸ್‌ಐ ವ್ಯಾಪ್ತಿಗೆ ಬರುವ ಕಾರ್ಮಿಕರು ಗಾಯದ ಚಿಕಿತ್ಸೆಯನ್ನು ಇಎಸ್‌ಐ ಚಿಕಿತ್ಸಾಲಯದಲ್ಲಿ ಪಡೆಯಬಹುದು. ವಂತಿಗೆಯ ಷರತ್ತುಗಳನ್ನು ಪೂರೈಸಿದವರಿಗೆ, ವೈದ್ಯರು ದೃಢೀಕರಿಸಿದ ಅವಧಿಗೆ ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆಯೂ ದೊರೆಯುತ್ತದೆ.

ವೇತನದ ರಕ್ಷಣೆ

ವೇತನವು ನೌಕರಳ ಹೆಸರಿನಲ್ಲಿ ಮಾತ್ರ ಇರುವ ಖಾತೆಗೆ ಜಮೆಯಾಗುತ್ತಿದೆಯೇ ಎಂಬುದನ್ನು ಗಮನಿಸಬೇಕು. ಖಾತೆ ಬದಲಿಸಬೇಕೆಂದು ಆಕೆ ಕೋರಿದರೆ ಅದನ್ನು ಆ ತಿಂಗಳಲ್ಲಿಯೇ, ಕಾರಣ ಕೇಳದೆ ಮಾಡಿಕೊಡಬೇಕು. ಖಾತೆಗೂ ಭವಿಷ್ಯ ನಿಧಿಗೂ ಜೋಡಿಸಿರುವ ಮೊಬೈಲ್ ಸಂಖ್ಯೆ ಮನೆಯ ಬೇರೊಬ್ಬರದಾಗಿದ್ದರೆ, ಖಾತೆ ಆಕೆಯದಾಗಿದ್ದರೂ ಹಣದ ಹಿಡಿತ ಅವರದೇ ಆಗಿರುತ್ತದೆ. ಭವಿಷ್ಯ ನಿಧಿಯ 1952ರ ಯೋಜನೆಯಲ್ಲಿ ಒಂದು ವಿಶೇಷ ಅವಕಾಶವಿದೆ. ಮಹಿಳಾ ಸದಸ್ಯೆಯು ಆಯುಕ್ತರಿಗೆ ಲಿಖಿತ ಸೂಚನೆ ನೀಡಿ ಪತಿಯನ್ನು 'ಕುಟುಂಬ'ದ ವ್ಯಾಖ್ಯೆಯಿಂದ ಹೊರಗಿಡಬಹುದು, ಆನಂತರ ನಾಮನಿರ್ದೇಶನವನ್ನು ಬದಲಿಸಬಹುದು. ಬಹಳ ಮಂದಿ ನೌಕರರಿಗೆ ತಿಳಿಯದ ಈ ಅವಕಾಶವನ್ನು ಲೆಕ್ಕಪತ್ರ ವಿಭಾಗದವರು ತಿಳಿಸಿಕೊಡಬಹುದು.

ದೌರ್ಜನ್ಯ ಎಸಗುವವನು ನೌಕರನಾಗಿದ್ದಾಗ

ಹಿಂಸೆ ಎಸಗುವವರೂ ಯಾವುದೋ ಸಂಸ್ಥೆಯ ನೌಕರರೇ ಆಗಿರುತ್ತಾರೆ. ಕಚೇರಿಯ ದೂರವಾಣಿ, ವಾಹನ, ಕೆಲಸದ ವೇಳೆ ಅಥವಾ ಕಚೇರಿಯ ಮಾಹಿತಿಯನ್ನು ಬೆದರಿಕೆಗೆ ಬಳಸಿದರೆ ಅದು ದುರ್ನಡತೆಯಾಗಿ ಶಿಸ್ತುಕ್ರಮಕ್ಕೆ ಅರ್ಹವಾಗುತ್ತದೆ. ಪತಿ ಪತ್ನಿ ಇಬ್ಬರೂ ಒಂದೇ ಸಂಸ್ಥೆಯಲ್ಲಿದ್ದರೆ ಪಾಳಿ ಅಥವಾ ಘಟಕ ಬದಲಾವಣೆಯ ಹೊರೆಯನ್ನು ಆಕೆಯ ಮೇಲೆ ಹೇರಬಾರದು. ನ್ಯಾಯಾಲಯವು ಸಂಬಳದಿಂದ ಹಣ ಕಡಿತ ಮಾಡಲು ಆದೇಶಿಸಿದಾಗ ವಿಳಂಬವಿಲ್ಲದೆ ಪಾಲಿಸಬೇಕು. ಸರ್ಕಾರಿ ನೌಕರರ ನಡತೆ ನಿಯಮಗಳು ವರದಕ್ಷಿಣೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ನಿಷೇಧಿಸುತ್ತವೆ. 48 ಗಂಟೆಗಳಿಗೂ ಹೆಚ್ಚು ಕಾಲ ಬಂಧನದಲ್ಲಿದ್ದ ಸರ್ಕಾರಿ ನೌಕರನನ್ನು ಅಮಾನತುಗೊಂಡವನೆಂದು ಪರಿಗಣಿಸಲಾಗುತ್ತದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಅವನ ಸಂಬಳವೇ ಆಕೆಯ ಮತ್ತು ಮಕ್ಕಳ ಜೀವನಾಧಾರವಾಗಿದ್ದಲ್ಲಿ, ಆಪಾದನೆ ಬಂದ ಕೂಡಲೇ ಅವನನ್ನು ಕೆಲಸದಿಂದ ತೆಗೆಯುವುದರಿಂದ ಆಕೆಯೇ ದಂಡ ತೆರುವಂತಾಗಬಹುದು.

ಕೆಲಸದ ಸ್ವರೂಪಕ್ಕೆ ತಕ್ಕ ಕ್ರಮಗಳು

ಕಾಫಿ ತೋಟಗಳು

ಹಾಸನ ಜಿಲ್ಲೆಯ ಸಕಲೇಶಪುರ, ಬೇಲೂರು ಮತ್ತು ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಅನೇಕ ಕಾರ್ಮಿಕರು ತೋಟದ ಲೈನು ಮನೆಗಳಲ್ಲಿಯೇ ವಾಸಿಸುತ್ತಾರೆ. ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯು ತೋಟದ ಮಾಲೀಕರಿಗೆ ವಹಿಸಿತ್ತು. ಇಲ್ಲಿ ಮನೆ ಬೇರೆ, ಕೆಲಸದ ಸ್ಥಳ ಬೇರೆ ಎಂಬ ಭೇದವೇ ಇಲ್ಲ. ಹಿಂಸೆ ನಡೆಯುವ ಮನೆಯೂ ಮಾಲೀಕರದೇ. ಮನೆಯನ್ನು ಗಂಡನ ಹೆಸರಿಗೆ ಮಾತ್ರ ಕೊಟ್ಟಿದ್ದರೆ, ಅವನಿಂದ ದೂರವಾದ ಮಹಿಳೆ ಒಂದೇ ದಿನದಲ್ಲಿ ಸೂರನ್ನೂ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ಇಬ್ಬರ ಹೆಸರಿನಲ್ಲೂ ವಸತಿ ಕೊಡುವುದು, ಅಗತ್ಯಬಿದ್ದಾಗ ಆಕೆಗೂ ಮಕ್ಕಳಿಗೂ ಬೇರೊಂದು ಮನೆ ಕೊಡುವುದು, ಕೂಲಿಯನ್ನು ಪ್ರತ್ಯೇಕವಾಗಿ ಪಾವತಿಸುವುದು ತೋಟದ ಮಾಲೀಕರ ಕೈಯಲ್ಲಿಯೇ ಇರುವ ಕ್ರಮಗಳು.

ಜವಳಿ ಮತ್ತು ಸಿದ್ಧ ಉಡುಪು ಕಾರ್ಖಾನೆಗಳು

ಬೆಂಗಳೂರು, ಮಂಡ್ಯ, ಹಾಸನ ಮುಂತಾದ ಕಡೆಗಳ ಜವಳಿ ಮತ್ತು ಸಿದ್ಧ ಉಡುಪು ಘಟಕಗಳಲ್ಲಿ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ. 1948ರ ಕಾರ್ಖಾನೆಗಳ ಕಾಯ್ದೆಯು 30ಕ್ಕೂ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಶಿಶುವಿಹಾರವನ್ನೂ, 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿಯನ್ನೂ ಕಡ್ಡಾಯಗೊಳಿಸಿತ್ತು. ಹಿಂಸೆಯ ಮನೆಯಲ್ಲಿ ಮಗುವನ್ನು ಬಿಟ್ಟುಬರಲು ಹೆದರುವ ತಾಯಿಗೆ ಶಿಶುವಿಹಾರವು ಕೆಲಸ ಉಳಿಸಿಕೊಳ್ಳುವ ಆಧಾರವಾಗುತ್ತದೆ. ಉತ್ಪಾದನೆಯ ಗುರಿಗೆ ಹೊಣೆಯಾದ ಮೇಲ್ವಿಚಾರಕರಿಗಿಂತ ಕಲ್ಯಾಣಾಧಿಕಾರಿಯೊಡನೆ ಮಾತನಾಡುವುದು ಕಾರ್ಮಿಕರಿಗೆ ಸುಲಭ. ಓವರ್‌ಟೈಮ್ ಬಗ್ಗೆ ಕೊನೆಗಳಿಗೆಯಲ್ಲಿ ತಿಳಿಸುವುದನ್ನು ತಪ್ಪಿಸಬೇಕು. ಅನಿರೀಕ್ಷಿತವಾಗಿ ತಡವಾದರೆ ಮನೆಯಲ್ಲಿ ಅದೇ ಜಗಳಕ್ಕೆ ನೆಪವಾಗುತ್ತದೆ.

ಸಣ್ಣ ಸಂಸ್ಥೆಗಳು ಮತ್ತು ಮನೆಗೆಲಸ

ಅಂಗಡಿ, ಖಾಸಗಿ ಶಾಲೆ, ಚಿಕ್ಕ ಆಸ್ಪತ್ರೆಗಳಲ್ಲಿ ಕಲ್ಯಾಣಾಧಿಕಾರಿಯಾಗಲಿ ಮಾನವ ಸಂಪನ್ಮೂಲ ವಿಭಾಗವಾಗಲಿ ಇರುವುದಿಲ್ಲ. ಮಾಲೀಕರು ಅಥವಾ ಮುಖ್ಯೋಪಾಧ್ಯಾಯರೇ ಎಲ್ಲವೂ ಆಗಿರುತ್ತಾರೆ. ಊರು ಚಿಕ್ಕದಾದಷ್ಟೂ ಗೋಪ್ಯತೆ ಕಷ್ಟ, ಮಾಲೀಕರಿಗೂ ಪತಿಯ ಮನೆಯವರಿಗೂ ಪರಿಚಯವಿರುವುದು ಸಾಮಾನ್ಯ. ಇಂಥಲ್ಲಿ ಆಕೆ ಹೇಳಿದ್ದನ್ನು ಮತ್ತೊಬ್ಬರಿಗೆ ಹೇಳದಿರುವುದೇ ಮೊದಲ ನೆರವು. ಮನೆಗೆಲಸದವರನ್ನು ಇಟ್ಟುಕೊಂಡ ಪ್ರತಿಯೊಂದು ಕುಟುಂಬವೂ ಉದ್ಯೋಗದಾತನೇ. ಗಾಯವಾಗಿ ಎರಡು ದಿನ ಬಾರದಿದ್ದವಳ ಕೂಲಿಯನ್ನು ಕಡಿಯದಿರುವುದು, ಆಕೆಯ ದಾಖಲೆಗಳ ಪ್ರತಿಗಳನ್ನು ಕೋರಿಕೆಯ ಮೇರೆಗೆ ಸುರಕ್ಷಿತವಾಗಿ ಇರಿಸಿಕೊಳ್ಳುವುದು ಇಂಥ ಕುಟುಂಬಗಳಿಂದಲೂ ಸಾಧ್ಯ.

ಮನೆಯಿಂದಲೇ ಕೆಲಸ

2020ರ ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನ್ ಕಾಲದಲ್ಲಿ ಅನೇಕರ ಮನೆಯೇ ಕಚೇರಿಯಾಯಿತು. ಕೌಟುಂಬಿಕ ದೌರ್ಜನ್ಯದ ದೂರುಗಳು ಹೆಚ್ಚಿದ್ದರಿಂದ ರಾಷ್ಟ್ರೀಯ ಮಹಿಳಾ ಆಯೋಗವು ಅದೇ ಏಪ್ರಿಲ್‌ನಲ್ಲಿ ವಾಟ್ಸ್ಆಪ್ ಮೂಲಕವೂ ದೂರು ಸ್ವೀಕರಿಸಲು ಆರಂಭಿಸಿತು. ಮನೆಯಿಂದ ಕೆಲಸ ಮಾಡುವುದು ಎಲ್ಲರಿಗೂ ಸೌಲಭ್ಯವಲ್ಲ. ಕೆಲವರಿಗೆ ಕಚೇರಿಯೇ ದಿನದ ಸುರಕ್ಷಿತ ವೇಳೆ. ಕಾರಣ ಹೇಳದೆಯೇ ಕಚೇರಿಗೆ ಬರುವ ಆಯ್ಕೆಯನ್ನು ಉಳಿಸಿಡುವುದು ಒಳ್ಳೆಯದು.

ಹಾಸನ ಜಿಲ್ಲೆಯಲ್ಲಿ ನೆರವಿನ ವ್ಯವಸ್ಥೆ

ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಾಗಿ ಕಾರ್ಯನಿರ್ವಹಿಸುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕು ಕೇಂದ್ರಗಳಲ್ಲಿ ಇವರ ಕಚೇರಿಗಳಿವೆ. ಘಟನಾ ವರದಿಯನ್ನು ಬರೆದು ದಂಡಾಧಿಕಾರಿಗಳಿಗೆ ಸಲ್ಲಿಸುವುದು, ವೈದ್ಯಕೀಯ ನೆರವು, ಆಶ್ರಯ ಮತ್ತು ಕಾನೂನು ನೆರವು ದೊರೆಯುವಂತೆ ನೋಡಿಕೊಳ್ಳುವುದು ಇವರ ಕರ್ತವ್ಯ.

• ರಾಜ್ಯ ಸರ್ಕಾರದ ಸಾಂತ್ವನ ಯೋಜನೆ: 2000-01ರಲ್ಲಿ ಆರಂಭವಾದ ಈ ಯೋಜನೆಯಡಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಆಪ್ತಸಮಾಲೋಚನೆ ಮತ್ತು ತಾತ್ಕಾಲಿಕ ನೆರವು ನೀಡಲಾಗುತ್ತದೆ.
• ಸಖಿ ಒನ್ ಸ್ಟಾಪ್ ಸೆಂಟರ್: ಕೇಂದ್ರ ಸರ್ಕಾರವು 2015ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ಯೋಜನೆ. ಚಿಕಿತ್ಸೆ, ಪೊಲೀಸ್ ನೆರವು, ಸಮಾಲೋಚನೆ, ಅಲ್ಪಾವಧಿ ವಸತಿ ಒಂದೇ ಕಡೆ ದೊರೆಯುವುದು ಇದರ ಉದ್ದೇಶ.
• ಜಿಲ್ಲಾ ಮತ್ತು ತಾಲ್ಲೂಕು ಕಾನೂನು ಸೇವೆಗಳ ಪ್ರಾಧಿಕಾರ ಹಾಗೂ ಸಮಿತಿಗಳು: 1987ರ ಕಾಯ್ದೆಯ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.
• ದೂರವಾಣಿ: ಮಹಿಳಾ ಸಹಾಯವಾಣಿ 181, ತುರ್ತು ಸೇವೆ 112, ಕಾನೂನು ನೆರವು 15100.

ಶಾಂತಿಗ್ರಾಮದಂತಹ ಹೋಬಳಿ ಕೇಂದ್ರದ ಸುತ್ತಲಿನ ಹಳ್ಳಿಗಳಲ್ಲಿ ಇರುವವರು ಈ ಕಚೇರಿಗಳಿಗಾಗಿ ಹಾಸನಕ್ಕೇ ಬರಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದ್ದು, ಬಸ್ಸಿನ ಹಣಕ್ಕಾಗಿ ಕೈಚಾಚುವ ಸ್ಥಿತಿ ತಪ್ಪಿದೆ. ಉಳಿದಿರುವ ಅಡ್ಡಿಯೆಂದರೆ ಸಮಯ. ಈ ಕಚೇರಿಗಳು ತೆರೆದಿರುವ ವೇಳೆಯೇ ಆಕೆಯ ಕೆಲಸದ ವೇಳೆಯೂ ಆಗಿರುತ್ತದೆ. ರಜೆಯ ದಿನ ಮನೆಯಿಂದ ಹೊರಡಲು ಕಾರಣ ಹೇಳಬೇಕಾಗುತ್ತದೆ. ಕೆಲಸದ ದಿನದಲ್ಲಿ ಎರಡು ಗಂಟೆಗಳ ಬಿಡುವನ್ನು ಕೊಡುವ ಉದ್ಯೋಗದಾತರು ಈ ಅಡ್ಡಿಯನ್ನು ನಿವಾರಿಸಬಲ್ಲರು.

ಇತರ ದೇಶಗಳಲ್ಲಿ

ಫಿಲಿಪ್ಪೀನ್ಸ್ 2004ರ ಕಾಯ್ದೆಯಲ್ಲಿಯೇ ಹಿಂಸೆಗೊಳಗಾದ ಮಹಿಳಾ ನೌಕರರಿಗೆ 10 ದಿನಗಳ ಸಂಬಳಸಹಿತ ರಜೆಯನ್ನು ನೀಡಿತು. ಕೆನಡಾದ ಒಂಟಾರಿಯೊ ಪ್ರಾಂತವು 2009ರಲ್ಲಿ ಅಂಗೀಕರಿಸಿ 2010ರ ಜೂನ್‌ನಲ್ಲಿ ಜಾರಿಗೊಳಿಸಿದ ತಿದ್ದುಪಡಿಯಂತೆ, ಕೆಲಸದ ಸ್ಥಳದಲ್ಲಿ ಕೌಟುಂಬಿಕ ಹಿಂಸೆಯಿಂದ ನೌಕರರಿಗೆ ಗಾಯವಾಗುವ ಸಂಭವವನ್ನು ಅರಿತ ಉದ್ಯೋಗದಾತರು ಸಮಂಜಸವಾದ ಎಲ್ಲ ಮುನ್ನೆಚ್ಚರಿಕೆಗಳನ್ನೂ ಕೈಗೊಳ್ಳಬೇಕು. ನ್ಯೂಜಿಲೆಂಡ್ 2019ರ ಏಪ್ರಿಲ್ 1ರಿಂದಲೂ, ಆಸ್ಟ್ರೇಲಿಯಾ 2023ರ ಫೆಬ್ರವರಿ 1ರಿಂದಲೂ ವರ್ಷಕ್ಕೆ 10 ದಿನಗಳ ಸಂಬಳಸಹಿತ ರಜೆಯನ್ನು ಕಾನೂನುಬದ್ಧಗೊಳಿಸಿವೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2019ರ ಜೂನ್ 21ರಂದು ಅಂಗೀಕರಿಸಿದ 190ನೆಯ ಒಡಂಬಡಿಕೆಯು 2021ರ ಜೂನ್ 25ರಂದು ಜಾರಿಗೆ ಬಂದಿತು. ಕೌಟುಂಬಿಕ ಹಿಂಸೆಯ ಪರಿಣಾಮಗಳನ್ನು ಗುರುತಿಸಿ, ದುಡಿಮೆಯ ಲೋಕದಲ್ಲಿ ಅವುಗಳನ್ನು ಸಾಧ್ಯವಾದಷ್ಟು ತಗ್ಗಿಸಬೇಕೆಂದು ಅದರ 10ನೆಯ ವಿಧಿ ಹೇಳುತ್ತದೆ. ಜೊತೆಗಿರುವ 206ನೆಯ ಶಿಫಾರಸು ರಜೆ, ಹೊಂದಿಕೊಳ್ಳುವ ಕೆಲಸದ ವೇಳೆ, ಕೆಲಸದಿಂದ ತೆಗೆಯದಂತೆ ತಾತ್ಕಾಲಿಕ ರಕ್ಷಣೆ, ಅಪಾಯದ ಅಂದಾಜು ಮತ್ತು ಜಾಗೃತಿಯನ್ನು ಸೂಚಿಸುತ್ತದೆ. ಭಾರತವು ಈ ಒಡಂಬಡಿಕೆಯನ್ನು ಸ್ಥಿರೀಕರಿಸಿಲ್ಲ.

ಮಿತಿಗಳು ಮತ್ತು ಆಕ್ಷೇಪಗಳು

ಉದ್ಯೋಗದಾತರ ಪಾತ್ರವನ್ನು ಕುರಿತು ಕೆಲವು ಆಕ್ಷೇಪಗಳಿವೆ. ನೌಕರರ ಮನೆಯ ಸಂಗತಿಗಳನ್ನು ತಿಳಿದುಕೊಂಡ ಮಾಲೀಕರು ಅದನ್ನು ಬಡ್ತಿ ತಡೆಯಲು ಅಥವಾ ಕೆಲಸದಿಂದ ತೆಗೆಯಲು ಬಳಸಿಕೊಳ್ಳಬಹುದೆಂಬುದು ಒಂದು. ಸಣ್ಣ ಉದ್ಯಮಗಳಿಗೆ ಸಂಬಳಸಹಿತ ರಜೆಯ ಹೊರೆ ಭಾರವಾಗುತ್ತದೆ ಎಂಬುದು ಇನ್ನೊಂದು. ಇಂಥ ವೆಚ್ಚಕ್ಕೆ ಹೆದರಿ ಮಹಿಳೆಯರನ್ನು ನೇಮಿಸಿಕೊಳ್ಳುವುದನ್ನೇ ಕಡಿಮೆ ಮಾಡಬಹುದೆಂಬ ಆತಂಕವೂ ಇದೆ. ಮೊದಲನೆಯದಕ್ಕೆ ಗೋಪ್ಯತೆಯ ಕಟ್ಟುನಿಟ್ಟಾದ ನಿಯಮವೇ ಉತ್ತರ. ರಜೆಯ ಅರ್ಜಿಯಲ್ಲಿ ವಿವರ ಬರೆಯಿಸದೆ, ಕಾರಣವನ್ನು ಒಬ್ಬ ಗೊತ್ತುಪಡಿಸಿದ ಅಧಿಕಾರಿಗೆ ಮಾತ್ರ ತಿಳಿಸುವ ಪದ್ಧತಿ ಇರಬೇಕು. ಉಳಿದ ಎರಡಕ್ಕೆ, ಮೇಲೆ ಹೇಳಿದ ಕ್ರಮಗಳಲ್ಲಿ ಬಹುಪಾಲು ಖರ್ಚಿಲ್ಲದವೆಂಬುದನ್ನು ಗಮನಿಸಬೇಕು. ಗೇಟಿನಲ್ಲಿ ಒಂದು ಸೂಚನೆ, ಖಾತೆಯ ಬದಲಾವಣೆ, ಎರಡು ಗಂಟೆಗಳ ಬಿಡುವು, ಗುಟ್ಟನ್ನು ಕಾಯುವ ಒಬ್ಬ ವ್ಯಕ್ತಿ ಇವುಗಳಿಗೆ ಸಂಸ್ಥೆಯ ಗಾತ್ರ ಅಡ್ಡಿಯಾಗದು.

ಉದ್ಯೋಗದಾತರು ಪೊಲೀಸರೂ ಅಲ್ಲ, ನ್ಯಾಯಾಧೀಶರೂ ಅಲ್ಲ, ಆಪ್ತಸಮಾಲೋಚಕರೂ ಅಲ್ಲ. ಹಿಂಸೆಯನ್ನು ನಿಲ್ಲಿಸುವುದು ಅವರೊಬ್ಬರಿಂದ ಆಗುವ ಕೆಲಸವೂ ಅಲ್ಲ. ಆದರೆ ಹಿಂಸೆಗೊಳಗಾದವರ ಕೆಲಸವನ್ನು ಉಳಿಸುವುದು ಮತ್ತು ಅವರ ವೇತನವು ಅವರ ಕೈಗೇ ಸೇರುವಂತೆ ನೋಡಿಕೊಳ್ಳುವುದು ಅವರಿಂದ ಮಾತ್ರವೇ ಸಾಧ್ಯ. ಕಾನೂನು, ಆಶ್ರಯ, ಸಮಾಲೋಚನೆ ಇವೆಲ್ಲವನ್ನೂ ಬಳಸಿಕೊಳ್ಳುವ ಶಕ್ತಿಯು ಮಹಿಳೆಗೆ ಬಹುಮಟ್ಟಿಗೆ ಈ ಎರಡರಿಂದಲೇ ಬರುತ್ತದೆ.